ಮೆತ್ತಗಿದ್ದರೆ ತಲೆ ಮೇಲೆ ಕೂರುತ್ತಾರಾ?

ಉಡುಪಿ

ಪ್ರೀತಿಯ ಸುಮಾ,

ಕರ್ತನ ನಾಮದಲ್ಲಿ ವಂದನೆ. ನೀನು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆದೆ ಅಂತ ಕೇಳಿ ಮನೆಯವರಿಗೆಲ್ಲ ಖುಷಿ. ಆದರೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ನನಗೆ ಅರಗಲಿಲ್ಲ. "ದೊಡ್ಡಮ್ಮ, ಮೆತ್ತಗಿದ್ದರೆ ಎಲ್ಲರೂ ತಲೆ ಮೇಲೆ ಕೂರ್ತಾರೆ. ಅದಕ್ಕೆ ಮೊದಲ ದಿನವೇ ಆಯಾಗೆ ಎಲ್ಲರೆದುರು ಜೋರು ಮಾಡಿದೆ" ಅಂದೆಯಲ್ಲ, ಆ ಮಾತು. ಫೋನಿನಲ್ಲೇ ವಾದಕ್ಕಿಳಿದಿದ್ದರೆ ನಾನೂ ಜೋರು ಮಾಡಬೇಕಾಗುತ್ತಿತ್ತು. ಹಾಗಾಗಿ ಬರೆಯುತ್ತಿದ್ದೇನೆ.

ತಲೆ ಮೇಲೆ ಕೂರುವವರು ಇದ್ದಾರೆ ಮಾರಾಯ್ತಿ, ಇಲ್ಲ ಅನ್ನುವುದಿಲ್ಲ. ಅಷ್ಟು ವರ್ಷ ವಾರ್ಡ್ ಸುತ್ತಿದ ನನಗೆ ಅಷ್ಟೂ ಗೊತ್ತಿಲ್ಲವಾ? ಆದರೆ ಮೆತ್ತಗಿರುವುದು ಅಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ಯೋಹಾನನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡು. ವಿಚಾರಣೆಯ ಹೊತ್ತಿನಲ್ಲಿ ಒಬ್ಬ ಓಲೇಕಾರ ಯೇಸುಸ್ವಾಮಿಯ ಕೆನ್ನೆಗೆ ಹೊಡೆಯುತ್ತಾನೆ. ಆತನು ತಿರುಗಿ ಬೈಯಲಿಲ್ಲ. ಹಾಗಂತ ಸುಮ್ಮನೆಯೂ ಇರಲಿಲ್ಲ. ನಾನು ಆಡಿದ್ದು ತಪ್ಪಾದರೆ ಏನು ತಪ್ಪು ಹೇಳು, ಸರಿಯಾದರೆ ಯಾಕೆ ಹೊಡೆದೆ ಎಂದು ಕೇಳಿದನು. ಬೊಬ್ಬೆ ಇಲ್ಲ, ಹೆದರಿಕೆಯೂ ಇಲ್ಲ. ನೀನೂ ಅಷ್ಟೆ. ಔಷಧದ ಹೊತ್ತು ತಪ್ಪಿದರೆ ತಪ್ಪು ಅಂತಲೇ ಹೇಳು, ರಿಜಿಸ್ಟರಿನಲ್ಲಿ ಬರೆ. ಅದಕ್ಕೆ ಕೂಗಾಟ ಯಾಕೆ?

ದೊಡ್ಡ ಡಾಕ್ಟರ ಎದುರು ಮೆತ್ತಗೆ ಮಾತಾಡುವುದನ್ನು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಅದು ಸಾಧುತ್ವ ಅಲ್ಲ, ಅಂಜಿಕೆ. ಆಯಾ, ಟ್ರೈನಿಂಗಿಗೆ ಬಂದ ಹುಡುಗಿ, ಹಾಸಿಗೆ ಹಿಡಿದ ಅಜ್ಜಿ, ಇವರ ಹತ್ತಿರ ನಿನ್ನ ದನಿ ಹೇಗಿರುತ್ತದೆ? ಅವರು ನಿನಗೆ ಎದುರು ಮಾತಾಡಲಾರರು. ನಿನ್ನ ದಯೆಯ ಅಳತೆ ಸಿಗುವುದು ಅಲ್ಲೇ.

ಈ ವಿಷಯದಲ್ಲಿ ನನಗೆ ಬೈಬಲಿನ ರೂತಳ ಕಥೆಯಲ್ಲಿ ಬರುವ ಹೊಲದ ಯಜಮಾನ ಬೋವಜನ ಮೇಲೆ ತುಂಬ ಗೌರವ. ರೂತಳು ಮೋವಾಬಿನಿಂದ ಬಂದವಳು, ಗಂಡ ಸತ್ತವಳು, ಅತ್ತೆಯನ್ನು ಸಾಕಲು ಅವನ ಹೊಲದಲ್ಲಿ ಕೊಯ್ಲಿನವರು ಬಿಟ್ಟ ತೆನೆ ಹಕ್ಕಲಾಯುತ್ತಿದ್ದಳು. ಅವನು ಬೇಕಿದ್ದರೆ ಒಂದು ಮೂಟೆ ಕೊಟ್ಟು ಕಳಿಸಬಹುದಿತ್ತು. ಹಾಗೆ ಮಾಡದೆ ಆಳುಗಳನ್ನು ಕರೆದು ಹೇಳಿದ: ಸಿವುಡುಗಳಿಂದ ಒಂದಿಷ್ಟು ತೆನೆ ಬೇಕೆಂದೇ ಕಿತ್ತು ಬಿಡಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ. ಅವಳು ಸಂಜೆ ಮನೆಗೆ ಹೋದದ್ದು ತಾನೇ ದುಡಿದ ಜವೆಗೋದಿ ಹೊತ್ತುಕೊಂಡು. ಕೊಟ್ಟವನ ಕೈ ಕಾಣಲೇ ಇಲ್ಲ. ಎಷ್ಟು ಯೋಚಿಸಿ ಮಾಡಿದ ಉಪಕಾರ ನೋಡು!

ವಾರ್ಡಿನಲ್ಲಿ ಇದನ್ನು ಮಾಡಬಹುದು. ಹೊಸ ಹುಡುಗಿಗೆ ಡ್ರಿಪ್ ಹಾಕಲು ನರ ಸಿಗುವುದಿಲ್ಲ ಅಂತಿಟ್ಟುಕೋ. ಒಮ್ಮೆ ಚುಚ್ಚಿದಳು, ಆಗಲಿಲ್ಲ. ಕೈ ನಡುಗುತ್ತದೆ, ರೋಗಿಯ ಮಗ ಕಣ್ಣು ಕೆಂಪು ಮಾಡುತ್ತಾನೆ. ಆಗ ನೀನು "ಇಷ್ಟೂ ಬರುವುದಿಲ್ವಾ" ಅಂದೆಯೋ, ಅವಳ ಕಥೆ ಮುಗಿಯಿತು. "ಇವರ ನರ ಸ್ವಲ್ಪ ಸಪೂರ, ನೀನು ಕೈ ಹಿಡಿದುಕೋ, ನಾನು ನೋಡ್ತೇನೆ" ಅನ್ನು. ಆಮೇಲೆ ಒಳಗೆ ಕರೆದು, ಪಟ್ಟಿ ಎಲ್ಲಿ ಕಟ್ಟಬೇಕು, ಸೂಜಿ ಎಷ್ಟು ಓರೆ ಹಿಡಿಯಬೇಕು, ಎಲ್ಲ ಸರಿಯಾಗಿ ಕಲಿಸು. ಬೇಕಾದರೆ ಖಡಕ್ಕಾಗಿಯೇ ಕಲಿಸು.

ದಯೆ ಬರೀ ಮನಸ್ಸಿನಲ್ಲಿದ್ದರೆ ಸಾಲದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧ ಕೊಡಲು ಕೂತರು. ಪಾಪ ಪಾಪ ಅಂತ ಮರುಗುತ್ತಾ ಇದ್ದಿದ್ದರೆ ಇವತ್ತಿನ ಆಸ್ಪತ್ರೆ ಎಲ್ಲಿರುತ್ತಿತ್ತು? ಇಲ್ಲಿ ಉಡುಪಿಯಲ್ಲೂ ಡಾಕ್ಟರ್ ಇವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಬಂದು 1923ರಲ್ಲಿ ನಮ್ಮ ಮಿಷನ್ ಆಸ್ಪತ್ರೆ ಶುರು ಮಾಡಿದರು. ನಿನಗೆ ಆಸ್ಪತ್ರೆ ಕಟ್ಟು ಅನ್ನುವುದಿಲ್ಲ. ರೋಗಿಯ ಜೊತೆಗಿದ್ದು ರಾತ್ರಿ ನೆಲದಲ್ಲಿ ಮಲಗುವ ಬೈಸ್ಟ್ಯಾಂಡರಿಗೆ ಒಂದು ಹೆಚ್ಚಿನ ಚಾಪೆ ಇಡಿಸು. ಬಾಟಲಿ ಖಾಲಿಯಾಯಿತು ಅಂತ ಅವರು ಓಡಿ ಬರುವ ಮೊದಲೇ ಒಂದು ಸುತ್ತು ಹಾಕು. ಕನ್ನಡ ಬಾರದ ಅಜ್ಜಿಯ ಹತ್ತಿರ "ಒಣಸ್ ಆಂಡಾ?" (ಊಟ ಆಯ್ತಾ?) ಅಂತ ತುಳುವಿನಲ್ಲಿ ಕೇಳು, ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಇನ್ನೊಂದು, ಹೊಟ್ಟೆಗೆ ಹಾಕದೆ ಡ್ಯೂಟಿ ಮಾಡಬೇಡ. ನಗಬೇಡ, ಇದೂ ಆತ್ಮಿಕ ವಿಷಯವೇ. ಪ್ರವಾದಿ ಎಲೀಯನು ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ಉಪದೇಶವನ್ನಲ್ಲ, ರೊಟ್ಟಿ ಮತ್ತು ನೀರು. ಆಮೇಲೆ ಎಲೀಯನನ್ನು ಮತ್ತೆ ಮಲಗಲು ಬಿಟ್ಟ. ಹಸಿವು, ನಿದ್ದೆಗೇಡು ಎರಡೂ ಸೇರಿದರೆ ಎಂಥ ಸಾಧುವಿನ ನಾಲಿಗೆಯೂ ಹರಿತ.

ಒಂದೇ ದಿನದಲ್ಲಿ ಆಗುವ ಕೆಲಸ ಇದಲ್ಲ. ಪೌಲನು ದಯೆ, ಸಾಧುತ್ವಗಳನ್ನು ಆತ್ಮನ ಫಲ ಅಂತ ಬರೆದದ್ದು ಯಾರಿಗೆ? ಒಬ್ಬರನ್ನೊಬ್ಬರು ಕಚ್ಚಿ ಹರಿಯುತ್ತಿದ್ದ ಗಲಾತ್ಯದ ಸಭೆಯವರಿಗೆ. ಕಚ್ಚಾಡಬೇಡಿ ಅನ್ನುವ ಎಚ್ಚರಿಕೆಯೂ ಅವರಿಗೆ ಬರೆದ ಅದೇ ಪತ್ರದ 5ನೇ ಅಧ್ಯಾಯದಲ್ಲಿದೆ. ಅಂಥವರಿಗೇ ಅವನು ಆಸೆ ಬಿಡಲಿಲ್ಲ. ನೀನು ಡ್ಯೂಟಿಗೆ ಹೊರಡುವ ಮುಂಚೆ ನಿನಗೆ ಕಿರಿಕಿರಿ ಮಾಡುವ ಒಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡು. ಹೆಸರು ಹಿಡಿದು ಪ್ರಾರ್ಥಿಸಿದವರ ಮೇಲೆ ಹಾರಾಡುವುದು ಸ್ವಲ್ಪ ಕಷ್ಟ.

ಆ ಆಯಾ ಹತ್ತಿರ ನಾಳೆಯೇ ಮಾತಾಡು. ಬೈದದ್ದು ಎಲ್ಲರೆದುರು ತಾನೇ, ಹಾಗಾಗಿ ತಪ್ಪಾಯಿತು ಅನ್ನುವುದೂ ಎಲ್ಲರೆದುರೇ ಆಗಲಿ. ಮೂಲೆಗೆ ಕರೆದು ಪಿಸುಗುಟ್ಟಿದರೆ ಲೆಕ್ಕಕ್ಕಿಲ್ಲ. ಅವಳು ಏನಂದಳು ಅಂತ ನನಗೆ ಬರೆ.

ನಿನ್ನ
ದೊಡ್ಡಮ್ಮ