ಕಾಗೋಡಿನ ಕೊಳಗ, ಚನ್ನರಾಯಪಟ್ಟಣದ ಚಪ್ಪರ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಆಗಸ್ಟ್ 2025

ಸನ್ಮಾನ್ಯ ಶ್ರೀ ಸಿದ್ದರಾಮಯ್ಯನವರಿಗೆ,
ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ

ಗೌರವಪೂರ್ವಕ ನಮಸ್ಕಾರಗಳು.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಟ್ಟಿದ್ದೇವೆ ಎಂದು ಜುಲೈ 15ರಂದು ನೀವು ಪ್ರಕಟಿಸಿದಾಗ, ಆ ಹದಿಮೂರು ಹಳ್ಳಿಗಳ ಜನರಷ್ಟೇ ನಾನೂ ಸಂತೋಷಪಟ್ಟೆ. ಆ ನಿರ್ಧಾರಕ್ಕಾಗಿ ಮೊದಲು ನಿಮಗೆ ಮನಃಪೂರ್ವಕ ಧನ್ಯವಾದ ಹೇಳುತ್ತೇನೆ. ಆದರೆ ಅಂದಿನಿಂದ ನಿಮ್ಮ ಪಕ್ಷದಲ್ಲಿರುವ ನನ್ನ ಹಳೆಯ ಗೆಳೆಯರು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದಾರೆ. ಸಮಾಜವಾದಿ ಹಿನ್ನೆಲೆಯ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು, ಬೀದಿಯಲ್ಲಿ ಕೂತು ಕಾಲ ಕಳೆಯುವ ಬದಲು ನೀವೂ ಒಳಗೆ ಬನ್ನಿ, ಚುನಾವಣೆಗೆ ನಿಲ್ಲಿ, ಅಲ್ಲಿಂದ ಕೆಲಸ ಮಾಡಿ ಎಂಬುದು ಅವರ ವಾದ. ಈ ವಾದವನ್ನು ನಾನು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಅದನ್ನು ನಾನು ಏಕೆ ಒಪ್ಪಲಾರೆ ಎಂಬುದನ್ನು ನಿಮಗೇ ಬರೆದು ತಿಳಿಸುವುದು ಸರಿ ಅನಿಸಿತು. ಏಕೆಂದರೆ ಆ ದಾರಿಯಲ್ಲಿ ನಿಮ್ಮಷ್ಟು ದೂರ ನಡೆದವರು ಇಂದು ಕರ್ನಾಟಕದಲ್ಲಿ ಇನ್ನೊಬ್ಬರಿಲ್ಲ.

ನಾನು ಸಾಗರ ತಾಲ್ಲೂಕಿನವನು, ಒಡೆಯರ ಜಮೀನನ್ನು ಗೇಣಿಗೆ ಉಳುತ್ತಿದ್ದ ಗೇಣಿದಾರನೊಬ್ಬನ ಮೊಮ್ಮಗ. ನಮ್ಮ ಮನೆಯ ಅಟ್ಟದ ಮೇಲೆ ಇವತ್ತಿಗೂ ಒಂದು ಮರದ ಕೊಳಗವಿದೆ. ಅದರ ಅಂಚು ಸವೆದಿದೆ, ಸುತ್ತಿದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ. ಅಜ್ಜ ಅದನ್ನು ಮಾರಲೂ ಬಿಡಲಿಲ್ಲ, ಬತ್ತ ಅಳೆಯಲೂ ಬಿಡಲಿಲ್ಲ. ಒಡೆಯರು ಗೇಣಿ ಬತ್ತವನ್ನು ಹೆಚ್ಚು ಹಿಡಿಸುವ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು ಎಂಬುದೇ ನಮ್ಮ ತಾಲ್ಲೂಕಿನ ಕಾಗೋಡಿನ ಗೇಣಿದಾರರ ಹೋರಾಟದ ಮೂಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎಚ್. ಗಣಪತಿಯಪ್ಪನವರು ದೀವರ ಸಮುದಾಯದ ಗೇಣಿದಾರರನ್ನು ಸಂಘ ಕಟ್ಟಿ ನಿಲ್ಲಿಸಿದರು. 1951ರ ಏಪ್ರಿಲ್‌ನಲ್ಲಿ ಜನ ಗದ್ದೆಗೆ ಇಳಿದು ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ಕೊಳಗದ ಪಕ್ಕದಲ್ಲಿರುವ ತಗಡಿನ ಟ್ರಂಕಿನಲ್ಲಿ ಇನ್ನೊಂದು ವಸ್ತುವಿದೆ. ಉಳುವ ಗೇಣಿದಾರನಿಗೇ ಜಮೀನಿನ ಒಡೆತನ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಅಜ್ಜ ಭೂನ್ಯಾಯ ಮಂಡಳಿಗೆ ಹಾಕಿದ ಡಿಕ್ಲರೇಶನ್ ಅರ್ಜಿಯ ಪ್ರತಿ ಅದು. ಏಳನೇ ನಮೂನೆಯ ಆ ಹಾಳೆಯ ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು ಇನ್ನೂ ಮಾಸಿಲ್ಲ.

ಆ ಕೊಳಗಕ್ಕೂ ಈ ಹೆಬ್ಬೆಟ್ಟಿಗೂ ನಡುವೆ ಇಪ್ಪತ್ತಮೂರು ವರ್ಷಗಳಿವೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲೇ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು, ಮತ್ತೆ 1962ರಲ್ಲೂ 1967ರಲ್ಲೂ ಗೆದ್ದರು. ಸದನದಲ್ಲಿ ಅವರಂತೆ ಮಾತನಾಡಿದವರು ಕಡಿಮೆ. ಆದರೂ 1961ರಲ್ಲಿ ಬಂದು 1965ರಲ್ಲಿ ಜಾರಿಯಾದ ಭೂಸುಧಾರಣಾ ಕಾಯ್ದೆ ಒಡೆಯರು ನುಸುಳಿಕೊಳ್ಳಲು ಬೇಕಾದಷ್ಟು ಕಿಂಡಿಗಳನ್ನು ಇಟ್ಟುಕೊಂಡೇ ಬಂದಿತ್ತು. ಅವು ಮುಚ್ಚಿದ್ದು ದೇವರಾಜ ಅರಸರ ಕಾಲದಲ್ಲಿ, ಗೌಡರು 1972ರಲ್ಲಿ ತೀರಿಕೊಂಡ ಮೇಲೆ.

ಹಾಗಾದರೆ ಕೊನೆಗೂ ಕೆಲಸ ಆದದ್ದು ಗೆದ್ದು ಬಂದ ಸರ್ಕಾರದಿಂದಲೇ ಅಲ್ಲವೇ ಎಂದು ನೀವು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದು, ಹಾಗಾಗಿ ಇದಕ್ಕೆ ತಕ್ಕ ಉತ್ತರ ಕೊಡಬೇಕು. ಅರಸರ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಆಗಿತ್ತು. ಅದೇ ಕಲಂ, ಅದೇ ನಮೂನೆ, ಅದೇ ಮಂಡಳಿ. ಆದರೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಭೂಮಿ ನಿಜವಾಗಿ ಕೈಬದಲಾದಷ್ಟು ರಾಜ್ಯದ ಬೇರೆ ಕಡೆಗಳಲ್ಲಿ ಆಗಲಿಲ್ಲ. ಗೇಣಿ ಪದ್ಧತಿ ಇಲ್ಲಿ ಹೆಚ್ಚಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಇಲ್ಲಿ ಸಮಾಜವಾದಿಗಳೂ ಅಲ್ಲಿ ಕಮ್ಯುನಿಸ್ಟರೂ ಗೇಣಿದಾರರನ್ನು ವರ್ಷಗಟ್ಟಲೆ ಕಟ್ಟಿ ನಿಲ್ಲಿಸಿದ್ದರು. ಒಡೆಯರ ಕಣ್ಣೆದುರೇ ಹೆಬ್ಬೆಟ್ಟು ಒತ್ತುವ ಧೈರ್ಯ ನನ್ನ ಅಜ್ಜನಿಗೆ ಬಂದದ್ದು ಸರ್ಕಾರಿ ಗೆಜೆಟ್ಟಿನಿಂದಲ್ಲ, ಕಾಗೋಡಿನಲ್ಲಿ ಜೊತೆಗೆ ಜೈಲು ಕಂಡವರಿಂದ. ಅಂಥ ಸಂಘಟನೆ ಇಲ್ಲದ ಊರುಗಳಲ್ಲಿ ಎಷ್ಟೋ ಗೇಣಿದಾರರು ಅರ್ಜಿಯನ್ನೇ ಹಾಕಲಿಲ್ಲ, ಹಾಕಿದವರಲ್ಲಿ ಕೆಲವರು ಒಡೆಯರ ಮುಲಾಜಿಗೆ ಬಿದ್ದು ವಾಪಸ್ ಪಡೆದರು.

ಈಗ ಆ ಕಾಯ್ದೆಗೆ ಮುಂದೆ ಏನಾಯಿತು ಎಂಬುದಕ್ಕೆ ಬರುತ್ತೇನೆ. ನನ್ನ ಮುಖ್ಯ ಅಳಲು ಇಲ್ಲೇ ಇದೆ. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಸಾಗುವಳಿ ಜಮೀನು ಕೊಳ್ಳಬಾರದು ಎಂದು 79ಎ ಕಲಂ ಹೇಳುತ್ತಿತ್ತು. ಕೃಷಿಕರಲ್ಲದವರೂ ಕಂಪನಿಗಳೂ ಅಂಥ ಜಮೀನು ಹೊಂದಬಾರದು ಎಂದು 79ಬಿ ಹೇಳುತ್ತಿತ್ತು. 1995ರಲ್ಲಿ ಆ ಆದಾಯ ಮಿತಿ 50 ಸಾವಿರದಿಂದ 2 ಲಕ್ಷಕ್ಕೆ ಏರಿತು. ಆಗ ಇದ್ದದ್ದು ಜನತಾದಳದ ಸರ್ಕಾರ, ಅದರ ಹಣಕಾಸು ಸಚಿವರು ನೀವು. 2015ರಲ್ಲಿ ಅದು 2 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಆಗ ಮುಖ್ಯಮಂತ್ರಿ ನೀವು. 2020ರಲ್ಲಿ ಬಿಜೆಪಿ ಸರ್ಕಾರ ಆ ಕಲಂಗಳನ್ನೇ ಕಿತ್ತುಹಾಕಿದಾಗ ವಿರೋಧ ಪಕ್ಷದ ನಾಯಕರಾಗಿದ್ದ ನೀವು ಅದನ್ನು ಕಟುವಾಗಿ ವಿರೋಧಿಸಿದಿರಿ, ನಿಮ್ಮ ವಿರೋಧದಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಾಗಿಲಿನ ಚಿಲಕವನ್ನು ಮೊದಲು ಸಡಿಲಿಸಿದವರು ಯಾರು ಎಂದು ನಮ್ಮ ಹಳ್ಳಿಯ ಹುಡುಗನೊಬ್ಬ ಕೇಳಿದರೆ ನಾನು ಏನೆಂದು ಉತ್ತರಿಸಲಿ? ಜನವಿರೋಧಿ ಕಾಯ್ದೆಗಳನ್ನು ಒಂದು ವರ್ಷದೊಳಗೆ ರದ್ದುಪಡಿಸುವುದಾಗಿ ನಿಮ್ಮ ಪಕ್ಷದ 2023ರ ಪ್ರಣಾಳಿಕೆ ಭರವಸೆ ಕೊಟ್ಟಿತ್ತು. ಎರಡು ವರ್ಷ ಕಳೆದರೂ 2020ರ ಭೂಸುಧಾರಣಾ ತಿದ್ದುಪಡಿ ಹಾಗೆಯೇ ಇದೆ. ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿಮಾಡಿಕೊಟ್ಟ 2023ರ ತಿದ್ದುಪಡಿಯೂ ಹಾಗೆಯೇ ಇದೆ.

ಇದನ್ನು ನಿಮ್ಮ ವೈಯಕ್ತಿಕ ದ್ರೋಹವೆಂದು ಕರೆಯುವವರಿದ್ದಾರೆ. ನಾನು ಹಾಗೆ ಕರೆಯುವುದಿಲ್ಲ, ಏಕೆಂದರೆ ಹಾಗೆ ಕರೆದುಬಿಟ್ಟರೆ ವಿಷಯ ತೀರಾ ಸುಲಭವಾಗಿಬಿಡುತ್ತದೆ. ಕಾಗೋಡಿನ ಪರಂಪರೆಯಿಂದ, ಲೋಹಿಯಾ ಪ್ರಭಾವದಿಂದ ಬೆಳೆದ ಮೂವರು ಈ ರಾಜ್ಯದ ಮುಖ್ಯಮಂತ್ರಿಗಳಾದರು: ಬಂಗಾರಪ್ಪನವರು, ಜೆ.ಎಚ್. ಪಟೇಲರು, ನೀವು. ಮೂವರ ಸ್ವಭಾವ ಬೇರೆ, ಕಾಲ ಬೇರೆ. ಮೂವರೂ ಬಡವರಿಗೆ ಅನುಕೂಲವಾಗುವ ಕೆಲಸಗಳನ್ನು ಮಾಡಿದ್ದೀರಿ. ಆದರೆ ಭೂಮಿ ಯಾರದು, ದುಡಿಮೆಯ ಫಲ ಯಾರಿಗೆ ಎಂಬ ಪ್ರಶ್ನೆಯನ್ನು ಮೂವರಲ್ಲಿ ಯಾರೂ 1974ಕ್ಕಿಂತ ಒಂದು ಹೆಜ್ಜೆ ಮುಂದೆ ಒಯ್ಯಲಾಗಲಿಲ್ಲ. ರೈತ ಸಂಘದ ಕಥೆಯೂ ಇದಕ್ಕೆ ಹೊರತಲ್ಲ. ನೀರು ಬಾರದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಎಂಬ ನೀರಾವರಿ ಕರ ಕಟ್ಟಬೇಕೆಂದಾಗ 1980ರಲ್ಲಿ ನರಗುಂದ–ನವಲಗುಂದದ ರೈತರು ಎದ್ದು ನಿಂತ ರೀತಿಗೆ ಒಂದು ಸರ್ಕಾರದ ಬುಡವೇ ಅಲುಗಿತು. ಅದೇ ಸಂಘದಿಂದ 1989ರಲ್ಲಿ ಶಾಸಕರಾದ ಬಾಬಾಗೌಡ ಪಾಟೀಲರು 1998ರ ಹೊತ್ತಿಗೆ ಬಿಜೆಪಿ ಸಂಸದರಾಗಿ ವಾಜಪೇಯಿ ಸಂಪುಟವನ್ನು ಸೇರಿದ್ದರು. ಇಷ್ಟೊಂದು ಮಂದಿ, ಇಷ್ಟೊಂದು ಬಗೆಯ ಮಂದಿ ಒಂದೇ ಕಡೆಗೆ ವಾಲಿದಾಗ ತಪ್ಪನ್ನು ನಡೆಯುವವರಲ್ಲಿ ಹುಡುಕಬಾರದು, ದಾರಿಯ ಇಳಿಜಾರನ್ನು ನೋಡಬೇಕು.

ಆ ಇಳಿಜಾರು ಎಂಥದ್ದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ವಿಧಾನಸಭಾ ಅಭ್ಯರ್ಥಿಯೊಬ್ಬ ಕಾನೂನು ಪ್ರಕಾರವೇ 40 ಲಕ್ಷ ರೂಪಾಯಿ ಖರ್ಚು ಮಾಡಬಹುದು; ವಾಸ್ತವದಲ್ಲಿ ಎಷ್ಟಾಗುತ್ತದೆ ಎಂಬುದು ಪ್ರತಿ ಊರಿನ ಬೂತ್ ಏಜೆಂಟನಿಗೂ ತಿಳಿದ ವಿಷಯ. ಗೋಪಾಲಗೌಡರ ಕಾಲದಲ್ಲಿ ‘ಒಂದು ಓಟು, ಒಂದು ನೋಟು’ ಎಂದು ಜನರ ಮುಂದೆ ಟವೆಲ್ ಹಾಸಿ ಚುನಾವಣೆ ನಡೆಸಬಹುದಾಗಿತ್ತು. ಇಂದು ಆ ಹಣ ಕಲ್ಲುಕ್ವಾರಿಯಿಂದ, ಲೇಔಟಿನಿಂದ, ಗುತ್ತಿಗೆಯಿಂದ ಬರುತ್ತದೆ, ಬಂದ ಕಡೆಗೇ ನಿಷ್ಠೆಯೂ ಹರಿಯುತ್ತದೆ. ಟಿಕೆಟ್ಟಿಗೆ ದೆಹಲಿಯತ್ತ ನೋಡಬೇಕು. ಗೆದ್ದ ಮೇಲೆ ಬಜೆಟ್ ತೂಗಿಸಲು ಬಂಡವಾಳಗಾರರತ್ತ ನೋಡಬೇಕು. ಈ ವರ್ಷದ ಫೆಬ್ರವರಿಯಲ್ಲಿ ನಡೆದ ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಬಂದಿದೆ ಎಂದು ನಿಮ್ಮ ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ಅಷ್ಟು ದೊಡ್ಡ ಭರವಸೆಗೆ ಕಾಲೂರಲು ನೆಲ ಬೇಕು, ಅದೂ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಬೇಕು. ಕೆಐಎಡಿಬಿಯ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ, ಭೂಸ್ವಾಧೀನ ನೋಟೀಸು ಚನ್ನರಾಯಪಟ್ಟಣ ಹೋಬಳಿಯ ದ್ರಾಕ್ಷಿ ತೋಟಕ್ಕೂ ರಾಗಿ ಹೊಲಕ್ಕೂ ಹೋದದ್ದು ಅಧಿಕಾರಿಯೊಬ್ಬನ ತಪ್ಪಿನಿಂದಲ್ಲ, ಇಡೀ ಯಂತ್ರದ ಸಹಜ ನಡೆಯಿಂದ. ಅದಕ್ಕೇ ಸರ್ಕಾರ ಬದಲಾದರೂ ನೋಟೀಸು ಬದಲಾಗಲಿಲ್ಲ.

ಈ ಸ್ವಾಧೀನದ ವಿರುದ್ಧ ಆ ಹಳ್ಳಿಗಳ ಜನ ಕೂತಿದ್ದ ಧರಣಿಯ ಚಪ್ಪರಕ್ಕೆ ನಾನು ಮೂರು ಬಾರಿ ಹೋಗಿದ್ದೆ. ಎರಡನೆಯ ಬಾರಿ ಹೋದದ್ದು ನೀವು ಅಧಿಕಾರಕ್ಕೆ ಬಂದ ಮೇಲೆ. ಅವರೆಕಾಯಿ ಬಿಡಿಸುತ್ತ ಕೂತಿದ್ದ ಅಜ್ಜಿಯೊಬ್ಬರು, ಕೈ ನಿಲ್ಲಿಸದೆಯೇ, ‘ಓಟು ಹಾಕಿದ್ದೂ ಆಯ್ತು, ಅವ್ರು ಗೆದ್ದಿದ್ದೂ ಆಯ್ತು ಕಣಪ್ಪ. ನಾವಿನ್ನೂ ಇಲ್ಲೇ ಕೂತಿದೀವಿ’ ಎಂದರು. ನೀವು ವಿರೋಧ ಪಕ್ಷದಲ್ಲಿದ್ದಾಗ ಅದೇ ಚಪ್ಪರಕ್ಕೆ ಬಂದು, ಭೂಮಿ ಉಳಿಸಿಕೊಡುವ ಮಾತು ಕೊಟ್ಟು ಹೋಗಿದ್ದಿರಿ. ಆ ಮಾತನ್ನು ನೀವು ಸುಳ್ಳಾಡಿದಿರಿ ಎಂದು ನಾನು ಭಾವಿಸುವುದಿಲ್ಲ. ಆದರೆ 2022ರ ಏಪ್ರಿಲ್ 4ರಿಂದ ಕೂತವರು ನಿಮ್ಮ ಪಕ್ಷ ಗೆದ್ದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂರಬೇಕಾಯಿತು. ಕಳೆದ ಜೂನ್ 25ರಂದು ‘ದೇವನಹಳ್ಳಿ ಚಲೋ’ಗೆ ಸೇರಿದ್ದ ಮುದುಕ–ಮುದುಕಿಯರನ್ನು ಪೊಲೀಸರು ಎಳೆದು ವ್ಯಾನಿಗೆ ತುಂಬಿದರು. ಮೂರು ಹಳ್ಳಿ ಬಿಡುತ್ತೇವೆ, ಉಳಿದ ಹತ್ತು ಕೊಡಿ ಎಂಬ ಚೌಕಾಸಿಯೂ ನಡೆಯಿತು. ಆ ಹತ್ತು ಹಳ್ಳಿಯವರೂ ಮೂರು ಹಳ್ಳಿಯವರೂ ಒಬ್ಬರನ್ನೊಬ್ಬರು ಬಿಟ್ಟುಹೋಗದೆ ಇದ್ದುದರಿಂದ 1,198ನೆಯ ದಿನ ತೀರ್ಮಾನ ಹೊರಬಿತ್ತು. ಅದನ್ನು ಓಟಿನ ಗೆಲುವೆಂದು ಬರೆದುಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಗ್ಯಾರಂಟಿಗಳ ಬಗ್ಗೆ ಒಂದು ಮಾತು. ನನ್ನ ತಾಯಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ, ಅದರಿಂದ ಅವರ ಬಿ.ಪಿ. ಮಾತ್ರೆಯ ಖರ್ಚು ನಡೆಯುತ್ತದೆ. ಅದನ್ನು ‘ಬಿಟ್ಟಿ’ ಎಂದು ಹೀಯಾಳಿಸುವವರ ಜೊತೆ ನನಗೆ ಯಾವ ಸಹಮತವೂ ಇಲ್ಲ. ಆದರೆ ಆ ಹಣ ಅವರನ್ನು ತಲುಪುವುದು ಫಲಾನುಭವಿಯಾಗಿ, ಒಬ್ಬೊಬ್ಬರಾಗಿ, ಮೊಬೈಲಿಗೆ ಬರುವ ಸಂದೇಶವಾಗಿ. ಕಾಗೋಡಿನಲ್ಲಿ ಗೇಣಿದಾರರು ಒಟ್ಟಾಗಿ ಕೇಳಿ ಪಡೆದದ್ದನ್ನು ಯಾರೂ ಕೊಟ್ಟದ್ದೆಂದು ಅಜ್ಜ ಒಮ್ಮೆಯೂ ಹೇಳಲಿಲ್ಲ. ಇದೇ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ರಾತ್ರಿಯೆಲ್ಲ ಫ್ರೀಡಂ ಪಾರ್ಕಿನಲ್ಲಿ ಮಲಗಿ 10,000 ರೂಪಾಯಿಯ ಭರವಸೆ ಪಡೆದಾಗ, ಅದರಲ್ಲಿ ನನಗೆ ಕಂಡದ್ದು ಹಳೆಯ ಕೊಳಗದ ಹೋರಾಟವೇ.

ಆ ಪಾರ್ಕು ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ಲೋಹಿಯಾವಾದಿ ಸ್ನೇಹಲತಾ ರೆಡ್ಡಿಯವರನ್ನು ಕೂಡಿಹಾಕಿದ್ದು ಅಲ್ಲೇ. ಬಿಡುಗಡೆಯಾದ ಬೆನ್ನಿಗೇ 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಪ್ರತಿಭಟನೆ ಅಲ್ಲಿ ಮಾತ್ರ ನಡೆಯಬೇಕೆಂದು 2021ರಲ್ಲಿ ಬಂದ ಆದೇಶವನ್ನು ನಿಮ್ಮ ಸರ್ಕಾರವೂ ಉಳಿಸಿಕೊಂಡಿದೆ. 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ನೀವು ಬೆಂಗಳೂರಿನಿಂದ ಬಳ್ಳಾರಿಯವರೆಗೆ 320 ಕಿಲೋಮೀಟರ್ ನಡೆದಿರಿ. ನನ್ನ ಎಣಿಕೆಯಲ್ಲಿ ಆ ನಡಿಗೆಯೇ ನಿಮ್ಮನ್ನು 2013ರ ಕುರ್ಚಿಯವರೆಗೂ ಕರೆತಂದದ್ದು. ಇಂದು ಅಂಥ ಪಾದಯಾತ್ರೆ ಬಳ್ಳಾರಿಯ ಕಡೆಯಿಂದ ಹೊರಟು ಬಂದರೆ, ರಾಜಧಾನಿಯಲ್ಲಿ ಅದಕ್ಕೆ ತೆರೆದಿರುವುದು ಆ ಹಳೆಯ ಜೈಲಿನ ಅಂಗಳ ಮಾತ್ರ.

ನಾನು ಓಟು ಹಾಕುವುದನ್ನು ನಿಲ್ಲಿಸುವುದಿಲ್ಲ. ಕೋಮುವಾದಿಗಳ ಕೈಗೆ ರಾಜ್ಯ ಹೋಗದಂತೆ ತಡೆಯಲು ಅದು ಬೇಕು, ಅಷ್ಟರಮಟ್ಟಿಗೆ ನಿಮ್ಮ ಗೆಲುವು ನನಗೂ ಬೇಕಾಗಿತ್ತು. ಆದರೆ ಹೋರಾಟಗಳನ್ನು ನಿಮ್ಮ ಪಕ್ಷದೊಳಗೆ ಕರಗಿಸಿಕೊಳ್ಳುವ ಕೆಲಸ ನಿಲ್ಲಲಿ ಎಂದು ಕಳಕಳಿಯಿಂದ ಕೇಳುತ್ತೇನೆ. ಧರಣಿಯ ಮುಂದಾಳಿಗೆ ನಿಗಮ–ಮಂಡಳಿಯ ಕುರ್ಚಿ ಕೊಟ್ಟಾಗಲೆಲ್ಲ ಅವರ ಹಿಂದಿದ್ದ ಐನೂರು ಜನ ಮನೆಗೆ ಹೋಗುತ್ತಾರೆ, ಅದರ ನಷ್ಟ ಕಡೆಗೆ ನಿಮಗೂ ತಟ್ಟುತ್ತದೆ. ಬಂಡವಾಳದ ಒತ್ತಡ ಬಂದಾಗ ಎದುರಿಗೆ ಇಡಲು ನಿಮ್ಮ ಕೈಯಲ್ಲಿ ಜನರ ಒತ್ತಡವೇ ಉಳಿಯುವುದಿಲ್ಲ. ನಿಮ್ಮ ಹಿಂದಿನ ಅವಧಿಯಲ್ಲಿ ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ತಾಂಡಾ, ಹಟ್ಟಿಗಳಲ್ಲಿ ‘ವಾಸಿಸುವವನೇ ಮನೆಯೊಡೆಯ’ ಎಂಬ ಕಾಯ್ದೆ ತಂದಿರಿ. ಅದೂ ಬಹುಕಾಲದಿಂದ ಕೇಳುತ್ತಿದ್ದ ಜನರಿಂದಲೇ ಬಂದದ್ದು ಎಂಬುದನ್ನು ನೀವು ಬಲ್ಲಿರಿ.

ಮುಂದಿನ ಅಧಿವೇಶನದಲ್ಲಿ 79ಎ ಮತ್ತು 79ಬಿ ಕಲಂಗಳನ್ನು ಮರಳಿ ತರುವ ಮಸೂದೆಯನ್ನು ಮಂಡಿಸಿ. ಆದಾಯ ಮಿತಿಯನ್ನು 2015ರ 25 ಲಕ್ಷಕ್ಕೆ ನಿಲ್ಲಿಸದೆ, ಅದಕ್ಕೂ ಹಿಂದಿನ ಮಟ್ಟಕ್ಕೆ ಇಳಿಸಿ. ಚನ್ನರಾಯಪಟ್ಟಣದ ಹೋರಾಟಗಾರರ ಮೇಲೆ ಉಳಿದಿರುವ ಮೊಕದ್ದಮೆಗಳನ್ನು ಹಿಂಪಡೆಯಿರಿ. 2021ರ ಆದೇಶವನ್ನು ರದ್ದುಮಾಡಿ ಬೆಂಗಳೂರಿನ ಬೀದಿಗಳನ್ನು ಜನರಿಗೆ ಬಿಟ್ಟುಕೊಡಿ. ಮಸೂದೆ ಬರುವವರೆಗೆ ನಮ್ಮ ತಾಲ್ಲೂಕಿನ ಕೆಲವರು ಪ್ರತಿ ತಿಂಗಳ 18ರಂದು ಸಾಗರದ ತಾಲ್ಲೂಕು ಕಚೇರಿಯ ಮುಂದೆ ಕೂರಲು ನಿರ್ಧರಿಸಿದ್ದೇವೆ. ಅಟ್ಟದ ಮೇಲಿನ ಕೊಳಗವನ್ನು ಈ ಬಾರಿ ಕೆಳಗಿಳಿಸಿ ಜೊತೆಗೆ ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಗೇಣಿದಾರನೊಬ್ಬನ ಮೊಮ್ಮಗ