ಹೊತ್ತವಳು ಒಬ್ಬಳು, ಹೊರಿಸಿದವನು ಇನ್ನೊಬ್ಬ: ಮಗಳಿಗೊಂದು ಪತ್ರ

ವಿರಾಜಪೇಟೆ

ಪ್ರೀತಿಯ ಮಗಳಿಗೆ,

ಕಾನೂನು ಕಾಲೇಜಿನ ಪ್ರಬಂಧಕ್ಕೆ ಮಾದಕ ವಸ್ತುಗಳ ವ್ಯಾಪಾರದಲ್ಲಿ ಹೆಣ್ಣಿನ ಪಾತ್ರ ಎಂಬ ವಿಷಯವನ್ನು ಆರಿಸಿಕೊಂಡಿರುವುದಾಗಿ ಬರೆದಿದ್ದೀಯ. ಅದನ್ನು 'ಡ್ರಗ್ ಕ್ವೀನ್'ಗಳಿಂದ ಆರಂಭಿಸಬೇಡ ಎಂದು ಹೇಳುವುದಕ್ಕಾಗಿಯೇ ಈ ಪತ್ರ. ಮಯಾಮಿಯ ಕೊಕೇನ್ ದಂಧೆಯಲ್ಲಿ ಹೆಸರಾದ ಗ್ರಿಸೆಲ್ಡಾ ಬ್ಲಾಂಕೊಳಂಥವರು ಇದ್ದದ್ದು ನಿಜ, ಆದರೆ ಅಂಥವರು ಬೆರಳೆಣಿಕೆಯಷ್ಟು. ಬಂಡವಾಳ, ಲಾಭ, ತೀರ್ಮಾನ ಮೂರೂ ಬಹುಮಟ್ಟಿಗೆ ಗಂಡಸರ ಕೈಯಲ್ಲಿರುತ್ತವೆ. ಸರಕನ್ನು ಸಾಗಿಸುವುದು, ಮನೆಯಲ್ಲಿ ಬಚ್ಚಿಡುವುದು, ಸಣ್ಣ ಪೊಟ್ಟಣ ಕಟ್ಟಿ ಮಾರುವುದು ಹೆಂಗಸರ ಪಾಲಿಗೆ ಬರುತ್ತದೆ. ಕೈಗೆ ಸಿಗುವ ಹಣ ಅತಿ ಕಡಿಮೆ, ಸಿಕ್ಕಿಬೀಳುವ ಸಂಭವ ಅತಿ ಹೆಚ್ಚು ಇರುವ ಜಾಗವೇ ಅದು.

ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮಿನ ಪ್ರಕಾರ ಹೆಂಗಸರ ಮೈಯನ್ನು ಹೆಂಗಸರೇ ಶೋಧಿಸಬೇಕು. ಹೆಣ್ಣಿನ ಘನತೆಗಾಗಿ ಇರುವ ಈ ರಕ್ಷಣೆಯನ್ನೇ ದಂಧೆಯವರು ತಮ್ಮ ಲೆಕ್ಕಕ್ಕೆ ಬಳಸಿಕೊಳ್ಳುತ್ತಾರೆ: ಗಡಿಯ ಚೆಕ್‌ಪೋಸ್ಟಿನಲ್ಲಿ ರಾತ್ರಿ ಬಸ್ಸು ನಿಂತಾಗ ಮಹಿಳಾ ಸಿಬ್ಬಂದಿ ಇಲ್ಲದಿರಬಹುದು, ಮಡಿಲಲ್ಲಿ ಮಗು ಮಲಗಿಸಿಕೊಂಡವಳನ್ನು ಎಬ್ಬಿಸಲು ಯಾರೂ ಮುಂದಾಗದಿರಬಹುದು.

ನನ್ನ ಕಕ್ಷಿದಾರಳೊಬ್ಬಳ ವಿಚಾರ ಹೇಳುತ್ತೇನೆ. ತೋಟದ ಕೂಲಿಗಳ ಲೈನ್ ಮನೆಯವಳು, ಕಾಫಿ ಕೊಯ್ಯುವವಳು. ಅಡುಗೆಮನೆಯ ಅಕ್ಕಿ ಮೂಟೆಯೊಳಗೆ ಗಾಂಜಾ ಸಿಕ್ಕಿತು; ತಂದಿಟ್ಟ ಗಂಡ ಹಿಂಬಾಗಿಲಿನಿಂದ ಓಡಿಹೋಗಿದ್ದ. ಜೈಲಿನಲ್ಲಿ ಭೇಟಿಯಾದಾಗ ಅವಳು ಮೊದಲು ಕೇಳಿದ್ದು, "ಮೇಡಂ, ತೂಗುವಾಗ ಅಕ್ಕಿಯನ್ನೂ ಸೇರಿಸಿದರಾ?" ಎಂದು. ಕಾಯ್ದೆಯ ಮರ್ಮ ಆ ಪ್ರಶ್ನೆಯಲ್ಲೇ ಇತ್ತು. ಗಾಂಜಾ 1 ಕಿಲೋಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ ಸೆರೆ, ಮೇಲೆ 37ನೇ ಕಲಮಿನಿಂದಾಗಿ ಜಾಮೀನೂ ದುರ್ಲಭ. ಶಿಕ್ಷೆಯ ಮೆಟ್ಟಿಲು ತೂಕವನ್ನು ಹಿಡಿದು ಏರುತ್ತದೆ. ಸರಕು ಯಾರದು, ಲಾಭ ಯಾರಿಗೆ, ಬೇಡವೆಂದಿದ್ದರೆ ಆ ರಾತ್ರಿ ಅವಳಿಗೆ ಏನು ಕಾದಿತ್ತು ಎಂಬುದಕ್ಕೆ ಆ ಮೆಟ್ಟಿಲಲ್ಲಿ ಜಾಗವಿಲ್ಲ. ಅದಲ್ಲದೆ ವಸ್ತು ಸ್ವಾಧೀನದಲ್ಲಿ ಸಿಕ್ಕಿತೆಂದರೆ 54ನೇ ಕಲಮು ಅಪರಾಧವನ್ನು ಊಹಿಸಿಕೊಳ್ಳುತ್ತದೆ, ಅರಿವಿರಲಿಲ್ಲವೆಂದು ಸಾಬೀತುಪಡಿಸುವ ಭಾರ ಅವಳ ಮೇಲೆಯೇ ಬೀಳುತ್ತದೆ. ಮನೆಯ ಮೂಲೆಮೂಲೆಯೂ ಹೆಂಡತಿಗೆ ತಿಳಿದೇ ಇರುತ್ತದೆ ಎಂದು ಎಲ್ಲರೂ ನಂಬಿರುವ ಊರಿನಲ್ಲಿ ಅದನ್ನು ಸಾಬೀತುಪಡಿಸುವುದು ಎಷ್ಟು ಕಷ್ಟವೆಂದು ನೀನೇ ಯೋಚಿಸು.

ಫಿಲಿಪ್ಪೀನ್ಸಿನ ಮೇರಿ ಜೇನ್ ವೆಲೊಸೊ ಪ್ರಕರಣವನ್ನು ಪೂರ್ತಿಯಾಗಿ ಓದು. ಮನೆಗೆಲಸದ ಆಸೆಗೆ ಹೊರಟವಳು 2010ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ 2.6 ಕಿಲೋ ಹೆರಾಯಿನ್ ಅಡಗಿಸಿದ್ದ ಸೂಟ್‌ಕೇಸಿನೊಂದಿಗೆ ಸಿಕ್ಕಿಬಿದ್ದಳು; ಅದನ್ನು ಕೊಟ್ಟವರು ಬೇರೆ, ತನಗೇನೂ ತಿಳಿದಿರಲಿಲ್ಲ ಎಂಬುದು ಮೊದಲಿನಿಂದಲೂ ಅವಳ ಮಾತು. 2015ರಲ್ಲಿ ಮರಣದಂಡನೆ ಕೊನೆಯ ಗಳಿಗೆಯಲ್ಲಿ ತಪ್ಪಿತು, ತಾಯ್ನಾಡಿಗೆ ಮರಳಿದ್ದು 2024ರ ಡಿಸೆಂಬರಿನಲ್ಲಿ. ಇಂಥವರನ್ನು ಗದರಿಸಿ ಒಪ್ಪಿಸುವುದಕ್ಕಿಂತ ನಂಬಿಸಿ ಒಪ್ಪಿಸುವುದೇ ಹೆಚ್ಚು. ಪ್ರೀತಿ, ಸಾಲ, ಕೆಲಸದ ಭರವಸೆ, ಗಂಡನ ಮಾತು ಇವೇ ಅದರ ಹತಾರಗಳು.

ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿಯ 2018ರ ವರದಿಯಂತೆ, ಶಿಕ್ಷೆಗೊಳಗಾಗಿ ಜೈಲಿನಲ್ಲಿರುವ ಹೆಂಗಸರಲ್ಲಿ ಶೇ. 35ರಷ್ಟು ಮಂದಿ ಮಾದಕ ವಸ್ತು ಪ್ರಕರಣದವರು. ಗಂಡಸರಲ್ಲಿ ಆ ಪ್ರಮಾಣ ಶೇ. 19. ಒಟ್ಟು ಸಂಖ್ಯೆಯಲ್ಲಿ ಗಂಡಸರೇ ಹೆಚ್ಚು ಎಂಬುದನ್ನೂ ಪಕ್ಕದಲ್ಲೇ ಬರೆ, ಇಲ್ಲವಾದರೆ ಅಂಕಿ ಸುಳ್ಳು ಹೇಳುತ್ತದೆ. ಎಲ್ಲ ಹೆಂಗಸರೂ ಅಮಾಯಕರೆಂದೂ ಬರೆಯಬೇಡ. ಮನೆ ನಡೆಸಲು ಗೊತ್ತಿದ್ದೇ ಇಳಿದವರಿದ್ದಾರೆ, ಅವರ ಲೆಕ್ಕಾಚಾರವನ್ನೂ ಗೌರವದಿಂದ ಕೇಳಬೇಕು.

ಕೊಲಂಬಿಯಾ 2023ರಲ್ಲಿ ಒಂದು ಕಾಯ್ದೆ ತಂದು, ಬಡತನದಿಂದಾಗಿ ಇಂಥ ಅಪರಾಧಕ್ಕಿಳಿದ, ಸಂಸಾರದ ಹೊಣೆ ಹೊತ್ತ ಹೆಂಗಸರು ಜೈಲಿನ ಬದಲು ಸಮುದಾಯ ಸೇವೆ ಸಲ್ಲಿಸಲು ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಅಂಥದ್ದೊಂದು ತಿದ್ದುಪಡಿ ಅಗತ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾಯ್ದೆಯ ಪಠ್ಯ ನಿನ್ನ ಗ್ರಂಥಾಲಯದಲ್ಲಿ ಸಿಕ್ಕರೆ, ಜೊತೆಗೆ ಅರಿವಿನ ಸ್ವಾಧೀನದ, ಅಂದರೆ ವಸ್ತು ಇದೆಯೆಂದು ತಿಳಿದೇ ಇಟ್ಟುಕೊಂಡಿರುವುದರ, ಬಗ್ಗೆ ಸುಪ್ರೀಂ ಕೋರ್ಟ್ ನೀಡಿರುವ ತೀರ್ಪುಗಳಿದ್ದರೆ, ಪ್ರತಿ ಮಾಡಿಸಿ ಕಳುಹಿಸು. ಲೈನ್ ಮನೆಯವಳ ಜಾಮೀನು ಅರ್ಜಿ ಇನ್ನೂ ವಾದಕ್ಕೆ ಬರಬೇಕಿದೆ.

ನಿನ್ನ ಅಮ್ಮ