ಪೋಸ್ಟರ್ ಮುಂದೆ ಯಾರಾದರೂ ನಿಲ್ಲಲಿ

ಮುಳಬಾಗಿಲು

ಚಿ. ಸೌ. ರಮ್ಯಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ದೊಡ್ಡಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿಟ್ಟಿದ್ದಾಳೆ, ಬಂದಾಗ ತಗೊಂಡು ಹೋಗು.

ನಿಮ್ಮ ಕೋಲಾರದ ಕಾಲೇಜಿನಲ್ಲಿ ಮಕ್ಕಳ ಸಂಶೋಧನಾ ಸಂಕಿರಣ ನಿನ್ನ ತಲೆಗೆ ಬಿತ್ತು ಅಂತ ಫೋನಿನಲ್ಲಿ ಗೋಳಾಡಿದೆಯಲ್ಲ. ನಾನು ಪಾಠ ಮಾಡಿದವನಲ್ಲ. ಕಾಲೇಜು ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವನು. ಇಂಥ ಕಾರ್ಯಕ್ರಮಗಳನ್ನು ಬೀಗದ ಕೈ ಹಿಡಿದು ಹಿಂದಿನಿಂದ ನೋಡಿದವನು. ಅಲ್ಲಿಂದ ಕಂಡದ್ದನ್ನೇ ಬರೆಯುತ್ತೇನೆ.

ಒಂದು ವರ್ಷ ನಮ್ಮಲ್ಲಿ ಉದ್ಘಾಟನೆ ಜೋರಾಗಿ ನಡೆಯಿತು. ದೀಪ, ಹಾರ, ಶಾಲು, ಒಂದೂವರೆ ಗಂಟೆ ಭಾಷಣ. ಮಕ್ಕಳು ತಮ್ಮ ಸಂಶೋಧನೆ ಬರೆದು ತೂಗುಹಾಕಿದ ಪೋಸ್ಟರುಗಳು ಮಹಡಿಯ ಮೇಲೆ. ಊಟ ಮುಗಿಸಿ ಮೇಷ್ಟ್ರುಗಳೆಲ್ಲ ಹೊರಟುಬಿಟ್ಟರು. ಸಂಜೆ ಬೀಗ ಹಾಕಲು ಹೋದರೆ ಒಬ್ಬಳು ಹುಡುಗಿ ಇನ್ನೂ ಪೋಸ್ಟರ್ ಪಕ್ಕ ನಿಂತಿದ್ದಳು. ತನ್ನ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಅಳೆದಿದ್ದಳು. "ಸಾರ್, ಯಾರೂ ಕೇಳಲಿಲ್ಲ. ನಿಮಗೆ ಹೇಳ್ಲಾ?" ಅಂದಳು. ನನಗೆ ಕೆಮಿಸ್ಟ್ರಿ ಎಲ್ಲಿಂದ ಬರಬೇಕು! ಆದರೂ ನಿಂತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಲೆ, ಆಮೇಲೆ ಮೂಳೆಗೆ ತೊಂದರೆ ಅಂತ ವಿವರಿಸಿದಳು. "ನೀರು ಯಾವ ತಿಂಗಳು ಹಿಡಿದೆಯಮ್ಮ?" ಅಂದೆ. ಬೇಸಿಗೆಯಲ್ಲಿ ಮಾತ್ರ. "ಮಳೆ ಆದಮೇಲೂ ನೋಡಬೇಕಿತ್ತು ಅಲ್ವಾ ಸಾರ್" ಎಂದು ನೋಟ್‌ಬುಕ್ ತೆಗೆದು ಬರೆದುಕೊಂಡಳು. ಗುಮಾಸ್ತನ ಪ್ರಶ್ನೆಗೇ ಅಷ್ಟು. ಕೆಮಿಸ್ಟ್ರಿ ಮೇಷ್ಟ್ರು ನಿಂತಿದ್ದರೆ?

ಆದ್ದರಿಂದ ಹಾಲ್ ಅಲಂಕಾರಕ್ಕಿಂತ ಮೊದಲು ಕೇಳುವವರನ್ನು ಗೊತ್ತು ಮಾಡು. ಒಬ್ಬೊಬ್ಬ ಮೇಷ್ಟ್ರಿಗೆ ನಾಲ್ಕು ಪೋಸ್ಟರ್ ಹಂಚು, ಎರಡು ಬೇರೆ ವಿಭಾಗದ್ದಿರಲಿ. ಒಂದೊಂದಕ್ಕೆ ಹತ್ತು ನಿಮಿಷ. ಸುಮ್ನೆ "ಗುಡ್" ಅಂದು ಹೋಗುವುದು ಬೇಡ, ಒಂದು ಪ್ರಶ್ನೆ ಕೇಳಲಿ. ಕನ್ನಡದಲ್ಲೂ ಕೇಳಲಿ. ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸುವ ಮಕ್ಕಳು ಕನ್ನಡದಲ್ಲಿ ಕೇಳಿದಾಗಲೇ ತಾವು ಏನು ಮಾಡಿದೆವು ಅಂತ ಹೇಳುತ್ತಾರೆ. ಉದ್ಘಾಟನೆ ಅರ್ಧ ಗಂಟೆ ಸಾಕು. ಪ್ರಿನ್ಸಿಪಾಲರಿಗೆ ಇದನ್ನು ಹೇಳೋದು ಕಷ್ಟ, ಗೊತ್ತು.

ಮಕ್ಕಳ ಸಂಶೋಧನೆಯ ಸಾರಾಂಶವನ್ನು ಮೇಷ್ಟ್ರೇ ಬರೆದುಕೊಡುವ ಚಾಳಿ ಇದೆ. ಅದು ಬೇಡ. ಕರಡು ತಂದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸ್ ಕೊಡಲಿ, ಎರಡು ಸಲ ಆದರೂ ಪರವಾಗಿಲ್ಲ. ಹೆಸರು ಹಾಕುವಾಗ ಕೆಲಸ ಮಾಡಿದ ಮಗುವಿನದ್ದೇ ಮೊದಲು. ಇಲ್ಲಿ ಜಗಳ ಆಗುತ್ತೆ, ನೀನು ಬಿಟ್ಟುಕೊಡಬೇಡ. ವಾರ ಮುಂಚೆ ಖಾಲಿ ಕ್ಲಾಸಿನಲ್ಲಿ ಒಂದು ಸಲ ಹೇಳಿಸಿ ನೋಡು.

ಇನ್ನು ನಮ್ಮ ಪೈಕಿಯವರು. ನೀವು ಮೇಷ್ಟ್ರುಗಳು ಆಫೀಸಿನವರನ್ನು ನೆನೆಯುವುದು ಹಿಂದಿನ ದಿನ ಸಂಜೆ, ಪ್ರೊಜೆಕ್ಟರ್ ಕೆಟ್ಟಾಗ! ಒಂದು ತಿಂಗಳು ಮುಂಚೆ ಹೋಗಿ ಕೂತು ಮಾತಾಡು. ಆ ದಿನ ಇಂಟರ್ನಲ್ ಟೆಸ್ಟ್ ಬೀಳಬಾರದು. ಮಕ್ಕಳಿಗೆ ಹಾಜರಾತಿ ಸಿಗಬೇಕು, ಸರ್ಕ್ಯುಲರ್ ಆಗಬೇಕು. ಪ್ರಿಂಟಿಗೆ ಮುಂಗಡ ಹಣ ಪಾಸಾಗಬೇಕು, ಇಲ್ಲದಿದ್ದರೆ ಮಕ್ಕಳ ಜೇಬಿಗೇ ಕತ್ತರಿ. ಲ್ಯಾಬ್ ಅಟೆಂಡರ್ ಸಂಜೆ ಒಂದು ಗಂಟೆ ಹೆಚ್ಚು ತೆರೆದಿಟ್ಟರೆ, ಲೈಬ್ರರಿಯನ್ ಹಳೆಯ ಲೇಖನ ಹುಡುಕುವುದು ಕಲಿಸಿದರೆ ಅರ್ಧ ಕೆಲಸ ಆದಂತೆ. ಮುಗಿಯುವ ಹೊತ್ತು ಶ್ರೀನಿವಾಸಪುರ, ಬಂಗಾರಪೇಟೆ ಕಡೆಯ ಮಕ್ಕಳ ಬಸ್ಸು ನೋಡಿ ಇಡು.

1965ರಲ್ಲಿ ನಮ್ಮ ಕೆಜಿಎಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಅತಿ ಸೂಕ್ಷ್ಮ ಕಣವನ್ನು ವಿಜ್ಞಾನಿಗಳು ಗುರುತು ಹಿಡಿದರಲ್ಲ. ಗಣಿಯವರು ಕೇಜು, ಅಂದರೆ ಗಣಿಯ ಲಿಫ್ಟು, ಇಳಿಸದೆ ಆ ಉಪಕರಣ ಕೆಳಗೆ ಹೋಗುತ್ತಿತ್ತಾ? ಅಟೆಂಡರ್ ಹೆಸರನ್ನೂ ವಂದನಾರ್ಪಣೆಯಲ್ಲಿ ಹೇಳು. "ಸಿಬ್ಬಂದಿ ವರ್ಗ" ಅಂತ ಒಟ್ಟಿಗೆ ಸುತ್ತಿಹಾಕಬೇಡ.

ತಾರೀಖು ಗೊತ್ತಾದ ಮೇಲೆ ತಿಳಿಸು, ನಾನೂ ಬರುತ್ತೇನೆ. ವೇದಿಕೆ ಮೇಲೆ ಮಾತ್ರ ಕೂರಿಸಬೇಡ. ನನಗೂ ನಾಲ್ಕು ಪೋಸ್ಟರ್ ಕೊಡು.

ನಿನ್ನ ದೊಡ್ಡಪ್ಪ